ನಿಂತ ಬಂಡಿಯ ನೀರು

ಸತ್ತವನ ಕತೆಯನ್ನು ಹೆಣದಿಂದ ಶುರುಮಾಡದೆ ತಿಗರಿಯಿಂದ ಶುರುಮಾಡುತ್ತಿರುವುದಕ್ಕೆ ಓದುವವರು ಕ್ಷಮಿಸಬೇಕು. ಕುಂಬಾರಿಕೆಯನ್ನು ದೂರದಿಂದ ನೋಡಿ ಬರೆದದ್ದು ಇದು. ತಪ್ಪಿದ್ದರೆ ಆ ಕೆಲಸದವರು ತಿದ್ದಿಕೊಳ್ಳಬೇಕು. ಆದರೆ ಅರವತ್ತೇಳರ ಯುಗಾದಿ ಮುಗಿದ ವಾರ, ಸಾಲಗುಂದದ ಆ ಮನೆಯಲ್ಲಿ ನಡೆದದ್ದೇ ಹಾಗೆ. ಕುಂಬಾರ ಅಂಬಪ್ಪನ ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ. ಅವನ ತಮ್ಮ ದ್ಯಾವಪ್ಪ ಹಿತ್ತಲ ಚಪ್ಪರದ ಕೆಳಗೆ ಕೂತು, ಗಡಿಗೆ ತಿರುವುವ ಚಕ್ರಕ್ಕೆ, ಅಂದರೆ ತಿಗರಿಗೆ, ಹಗ್ಗ ಬಿಗಿಯುತ್ತಿದ್ದ.

ಆದೆಮ್ಮ ಗಂಡನ ತಲೆಯ ಹತ್ತಿರ ಕೂತಿದ್ದಳು. ಅಲ್ಲಿಂದ ಹಿತ್ತಲ ಬಾಗಿಲು ನೇರ ಕಾಣುತ್ತಿತ್ತು.

"ಏನ್ ಮಾಡಾಕತ್ತೀಯೋ ದ್ಯಾವಪ್ಪ?"

"ಏನಿಲ್ಲ ಅತ್ತಿಗಿ. ಮಂದಿ ಓಡ್ಯಾಡ್ತಾರ, ಕಾಲಿಗಿ ತೊಡರ್ತದ. ಬಾಜೂಕ ಇಡಾಕತ್ತೀನಿ."

"ಬಾಜೂಕ ಇಡಾಕ ಹಗ್ಗ ಯಾಕ ಬೇಕು?" ಹೆಣದ ಮೇಲಿನ ನೊಣವನ್ನು ಸೆರಗಿನಿಂದ ಓಡಿಸುತ್ತಿದ್ದ ಪಕ್ಕದ ಮನೆಯ ಮುದುಕಮ್ಮ ಕೇಳಿದಳು. "ಲಿಂಗಸುಗೂರಿಗಿ ಒಯ್ತೀನಿ ಅನ್ನು. ಅಂವ ಏನ್ ಎದ್ದು ಬರಂಗಿಲ್ಲ, ಅಂಜಬ್ಯಾಡ."

ದ್ಯಾವಪ್ಪ ಹಗ್ಗ ಬಿಟ್ಟು ಎದ್ದು ಬಂದ. ಕೆಟ್ಟ ಮನುಷ್ಯನಲ್ಲ. ಸುದ್ದಿ ಮುಟ್ಟಿದ ಕೂಡಲೇ ಲಿಂಗಸುಗೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಅಣ್ಣನ ಕಾಲು ತಬ್ಬಿಕೊಂಡು ಅತ್ತಿದ್ದ. ಅತ್ತು ಮುಗಿದ ಮೇಲೆ ಹಿತ್ತಲಿಗೆ ಹೋಗಿದ್ದ, ಅಷ್ಟೆ. ಅಂಗಳದಲ್ಲಿ ಕಂಬಳಿಯ ಮೇಲೆ ಕೂತಿದ್ದ ಕುಲದ ಹಿರಿಯ ಗ್ಯಾನಪ್ಪನ ಕಡೆ ತಿರುಗಿದ.

"ಹಿರೇರು ನೀವ ಹೇಳ್ರಿ. ಅದು ನಮ್ಮಪ್ಪನ ತಿಗರಿ. ಅಣ್ಣ ಇರೋತನ ನಾ ತುಟಿ ಬಿಚ್ಚಲಿಲ್ಲ. ಇನ್ನ ಅದರ ಮ್ಯಾಲ ಸೋರೋ ಗಡಿಗಿ ತೆಗಿಯೋದು ಸಾಕು."

ಸೋರುವ ಗಡಿಗೆ ಎಂಬ ಮಾತನ್ನು ಊರಿನಲ್ಲಿ ಆಡದವರಿರಲಿಲ್ಲ. ಆದರೆ ಅಂಬಪ್ಪನ ಹೊಸ್ತಿಲ ಒಳಗೆ ನಿಂತು ಯಾರೂ ಆಡಿರಲಿಲ್ಲ.

"ತಿಗರಿ ವೆಂಕೋಬಂದು," ಎಂದಳು ಆದೆಮ್ಮ.

ವೆಂಕೋಬ ಅವಳ ಮಗ. ಇಪ್ಪತ್ತು ದಾಟಿದವನು, ಮದುವೆಯಾದವನು. ಹೋದ ವರ್ಷದಿಂದ ಕಾಲುವೆಯ ಹಿಂದೆ ಬಂದು ನೆಲೆಸಿದ ಆಂಧ್ರದ ರೈತರ ಕ್ಯಾಂಪಿನಲ್ಲಿ ಭತ್ತ ಹಚ್ಚುವ ಕೂಲಿಗೆ ಹೋಗುತ್ತಿದ್ದ. ಗೋಡೆಗೆ ಆತು ನಿಂತು ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ.

"ಅವನ್ನ ಕೇಳ್ರಿ, ತಿಗರಿ ಮುಂದ ಕುಂದ್ರತಾನೇನು ಅಂತ," ಎಂದ ದ್ಯಾವಪ್ಪ.

"ಕುಂದ್ರತೀನಿ," ಎಂದ ವೆಂಕೋಬ ತಲೆಯೆತ್ತದೆ. "ಕೊಳ್ಳೋರಿದ್ರ."

ಗ್ಯಾನಪ್ಪ ಎಲೆಯಡಿಕೆ ಉಗುಳಿ ಬಂದು ಕೂತ. "ಕುಲದಾಗ ಒಂದು ಪದ್ಧತಿ ಅದ. ತಿಗರಿ ಹಿರೇ ಮಗಂದು, ಖರೆ. ಆದ್ರ ಆ ಮನಿ ಕೈ ಕೆಟ್ರ, ಅದು ಕೈ ಛಲೋ ಇದ್ದವ್ನ ಮನಿಗಿ ಹೋಗ್ಬೇಕು. ಅಂಬಪ್ಪನ ಕೈ..." ಎಂದು ಹೆಣದ ಕಡೆ ನೋಡಿ ನಿಲ್ಲಿಸಿದ. "ಊರು ಏನಂತದ, ನಿನಗೂ ಗೊತ್ತದ ಆದೆಮ್ಮ."

ಗೊತ್ತಿತ್ತು. ತಿಗರಿ ಇವತ್ತು ಹೊಸ್ತಿಲು ದಾಟಿದರೆ ಇಷ್ಟು ದಿನದ ಗುಸುಗುಸು ಕುಲದ ತೀರ್ಮಾನವಾಗುತ್ತದೆ. ಕೈ ಕೆಟ್ಟವನು ಎಂದು ಆದಮೇಲೆ ಅಂಬಪ್ಪನ ಹೆಸರನ್ನು ಕುಂಬಾರರಲ್ಲಿ ಯಾರೂ ಎತ್ತುವುದಿಲ್ಲ. ವೆಂಕೋಬನ ಕೈಗೂ ಯಾರೂ ಮಣ್ಣು ಕೊಡುವುದಿಲ್ಲ.

*

ಕಾಲುವೆ ಬರುವ ಮೊದಲು ಆ ಸೀಮೆಯ ಬೇಸಿಗೆ ಬೇರೆ ಇತ್ತು. ಜೋಳ ಕೊಯ್ದ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿದ್ದವು. ಅವುಗಳ ಮೇಲಿಂದ ಬರುವ ಗಾಳಿ, ಹಿಂಡಿ ಹಾಕಿದ ಧೋತರವನ್ನು ಕಣ್ಣೆದುರಿಗೇ ಹಪ್ಪಳ ಮಾಡುತ್ತಿತ್ತು. ಆ ಗಾಳಿಗೆ ಅಂಬಪ್ಪನ ಗಡಿಗೆಯಲ್ಲಿ ನೀರಿಟ್ಟರೆ ಹೊತ್ತು ನೆತ್ತಿಗೇರುವಷ್ಟರಲ್ಲಿ ಹಲ್ಲು ಜುಮ್ಮೆನ್ನುತ್ತಿತ್ತು. ಗಡಿಗೆಯ ಮೈಮೇಲೆ ಸಣ್ಣಗೆ ಪಸೆ. ಒರೆಸಿದರೆ ಬೆರಳಿಗೆ ಹತ್ತುವಷ್ಟು, ಕೆಳಗೆ ಬೀಳದಷ್ಟು. ಅಂಬಪ್ಪನ ಗಡಿಗೆ ಬೆವರುತ್ತದೆ, ಅಳುವುದಿಲ್ಲ ಎಂದು ಮಂದಿ ಹೇಳುತ್ತಿದ್ದರು. ಸಿಂಧನೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಚಹಾದಂಗಡಿಯವರು ಅವನ ಗಡಿಗೆಯನ್ನು ಹೊರಗೆ ಕಾಣುವಂತೆ ಇಡುತ್ತಿದ್ದರು.

ಕಾಲುವೆಗೆ ಮೊದಲ ನೀರು ಬಂದ ದಿನ ಅಂಬಪ್ಪನೂ ಹೋಗಿ ತೆಂಗಿನಕಾಯಿ ಒಡೆದು ಬಂದ. ನೀರಿನ ಹಿಂದೆ ಕ್ಯಾಂಪುಗಳು ಬಂದವು, ಭತ್ತ ಬಂತು. ಜೋಳದ ಹೊಲಗಳಲ್ಲಿ ಬೇಸಿಗೆಯಲ್ಲೂ ಪಾದ ಮುಳುಗುವ ನೀರು ನಿಂತಿತು. ದಢೇಸುಗೂರಿನ ಕಡೆಯಿಂದ ಹಸಿರು ಬೆಳೆಯುತ್ತ ಬೆಳೆಯುತ್ತ ಸಾಲಗುಂದದ ಹಿತ್ತಲಿಗೆ ಮುಟ್ಟಿತು. ಹಿಂಡಿ ಹಾಕಿದ ಧೋತರ ಸಂಜೆಯಾದರೂ ಹಸಿಹಸಿ ಇರತೊಡಗಿತು. ಅದನ್ನು ಯಾರೂ ದೂರಲಿಲ್ಲ. ಅನ್ನ ಉಣ್ಣುವ ಊರಿನಲ್ಲಿ ಧೋತರದ ಚಿಂತೆ ಯಾರಿಗೆ.

ಮೊದಲು ಬಂದ ದೂರು, ಗಡಿಗೆ ಸೋರುತ್ತದೆ ಎಂದು. ಮೈಯೆಲ್ಲ ನೆನೆದು, ಕೆಳಗೆ ಹನಿ ಬಿದ್ದು, ಗಡಿಗೆ ಇಟ್ಟ ಕಟ್ಟೆಗೆ ಪಾಚಿ ಕಟ್ಟುತ್ತದೆ. ಅಂಬಪ್ಪ ಮಣ್ಣನ್ನು ಇನ್ನಷ್ಟು ತುಳಿದು, ಗೋಡೆಯನ್ನು ದಪ್ಪ ಮಾಡಿ, ಹೆಚ್ಚು ಸುಟ್ಟ. ಆಗ ನೀರು ತಂಪಾಗುವುದಿಲ್ಲ ಎಂಬ ದೂರು ಬಂತು. ತಂಪಾಗಬೇಕಾದರೆ ಬೆವರಬೇಕು ಎಂದು ಅಪ್ಪ ಕಲಿಸಿದ್ದ. ಬೆವರಿಸಲು ಅಂಬಪ್ಪ ಭತ್ತದ ಹೊಟ್ಟು ಬೆರೆಸಿದ. ಜೋಳದ ಕಾಲದಲ್ಲಿ ಆ ಊರು ಕಾಣದಿದ್ದ ಹೊಟ್ಟು ಈಗ ಹಾದಿ ಬದಿಗೆ ರಾಶಿ ಬಿದ್ದಿತ್ತು. ಮಣ್ಣಿನೊಳಗಿನ ಹೊಟ್ಟು, ಗಡಿಗೆ ಸುಡುವ ಆವಿಗೆಯಲ್ಲಿ ಸುಟ್ಟು ಸಣ್ಣ ಸಣ್ಣ ತೂತಾಯಿತು. ಸಾಲದೆಂದು ಇನ್ನಷ್ಟು ಬೆರೆಸಿದ. ಕೊನೆಗೆ ಕ್ಯಾಂಪಿನ ರೈತನೊಬ್ಬ ಗಡಿಗೆಯನ್ನು ಬಾಗಿಲ ಮುಂದೆ ತಂದಿಟ್ಟು, ತುಂಬಿ ತೋರಿಸಿ, "ಇದಿ ಕುಂಡ ಕಾದು, ಜಲ್ಲೆಡ," ಎಂದ. ಗಡಿಗೆಯಲ್ಲ, ಜರಡಿ. ನಿಂತವರೆಲ್ಲ ನಕ್ಕರು. ಅಂಬಪ್ಪನೂ ನಕ್ಕ. ಆ ರಾತ್ರಿ ಉಣ್ಣಲಿಲ್ಲ.

ಊರಿನವರು ಲಿಂಗಸುಗೂರಿನಿಂದ ದ್ಯಾವಪ್ಪನ ಗಡಿಗೆ ತರಿಸತೊಡಗಿದರು. ಅಲ್ಲಿ ಕಾಲುವೆ ಇರಲಿಲ್ಲ, ಒಣ ಸೀಮೆ. ಅಲ್ಲಿ ಅವನ ಗಡಿಗೆಗೆ ಒಳ್ಳೆಯ ಹೆಸರಿತ್ತು.

"ಬಸ್ಸಿನ್ಯಾಗ ತೊಡಿ ಮ್ಯಾಲ ಕುಂಡ್ರಿಸಿಕೊಂಡು ತಂದ ಗಡಿಗಿ," ಎಂದು ಮುದುಕಮ್ಮ ಹೇಳುತ್ತಿದ್ದಳು. "ತಂಪಾಗಲಿಲ್ಲ ಅಂದ್ರ ತಂದವ್ರ ಮರ್ಯಾದಿ ಏನಾಗ್ಬೇಕು? ತಂಪಿರದಿದ್ರೂ ಕುಡದು 'ಹಾ' ಅಂತಾರ."

ಆದರೆ ಅಂಬಪ್ಪ ಮುದುಕಮ್ಮನ ಮಾತನ್ನೂ ನಂಬಲಿಲ್ಲ. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುವುದು ಅವನಿಗೆ ಚಟವಾಯಿತು.

*

ಹೆಣಕ್ಕೆ ನೀರು ಹಾಕಿ, ಹೊಸ ಧೋತರ ಸುತ್ತಿ, ಗೋಡೆಗೆ ಒರಗಿಸಿ ಕೂಡಿಸಿದರು. ಅಷ್ಟರಲ್ಲಿ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಒಂದು ಬಂಡಿ ಬಂದು ನಿಂತಿತು. ಚಾಂದ್‌ಪಾಷಾ ಎತ್ತು ಬಿಚ್ಚಿದ. ಲಿಂಗಸುಗೂರಿನವನು, ಕ್ಯಾಂಪಿನ ಭತ್ತವನ್ನು ಅಲ್ಲಿಯ ಪೇಟೆಗೆ ಹೊಡೆಯುವುದೇ ಅವನ ಕೆಲಸ. ಬಂದಾಗೆಲ್ಲ ಈ ಬೇವಿನ ಕೆಳಗೇ ಬಂಡಿ ಬಿಡುತ್ತಿದ್ದ. ತಲೆಗೆ ವಸ್ತ್ರ ಸುತ್ತಿಕೊಂಡು ಒಳಗೆ ಬಂದು, ಹೆಣದ ಮುಂದೆ ಕೈಕಟ್ಟಿ ನಿಂತ. ಆಮೇಲೆ ಹೊರಗೆ ಹೋಗಿ ಹಿತ್ತಾಳೆ ಲೋಟದಲ್ಲಿ ನೀರು ಹಿಡಿದು ಬಂದ.

"ಬಾಯಿ ಒಣಗ್ಯಾದ ಭಾಭಿ. ಒಂದು ಗುಟುಕು ತಗೋ."

"ಹೆಣ ಎತ್ತೋತನ ಕುಡೀಬಾರದೋ ಚಾಂದ್‌ಪಾಷಾ," ಎಂದು ಆದೆಮ್ಮ ಲೋಟವನ್ನು ದೂಡಲು ಹೋದಳು. ಬೆರಳು ಲೋಟಕ್ಕೆ ಹತ್ತಿತು. ಅಲ್ಲೇ ನಿಂತಿತು.

"ಎಲ್ಲೀವು ಈ ನೀರು?"

"ಅಂಬಪ್ಪ ಭಾಯಿ ಕೊಟ್ಟ ಗಡಿಗೀವು. ಹೋದ ದಸರಾದಾಗ ಒಯ್ದಿದ್ನಲ್ಲ, ಬಂಡಿ ಕೆಳಗ ಕಟ್ಟೀನಿ."

ಆದೆಮ್ಮ ಎದ್ದಳು. ಹೆಣದ ಹತ್ತಿರದಿಂದ ಹೆಂಡತಿ ಏಳಬಾರದು. ಹೆಂಗಸರು ಸೆರಗು ಹಿಡಿದು ಜಗ್ಗಿದರು. ಅವಳು ಬಾಗಿಲಿಗೆ ಬಂದು ನೋಡಿದಳು. ಬಂಡಿಯ ಅಚ್ಚಿನ ಕೆಳಗೆ, ಹಗ್ಗದ ನೆಲುವಿನಲ್ಲಿ ಗಡಿಗೆ ತೂಗುತ್ತಿತ್ತು. ಕುತ್ತಿಗೆಯ ಸುತ್ತ ಅಂಬಪ್ಪ ಎಳೆಯುತ್ತಿದ್ದ ಎರಡು ಗೆರೆ. ಹೊಟ್ಟು ಬೆರೆತು ಸುಟ್ಟ ಸಣ್ಣ ಸಣ್ಣ ಚುಕ್ಕೆ.

"ಹಿರೇರು," ಎಂದಳು, "ಬಂದು ಈ ನೀರು ಕುಡೀರಿ. ಅವನ ಗಡಿಗಿ ಇದು. ಕುಡದು ಆಮ್ಯಾಲ ತಿಗರಿ ಮಾತಾಡ್ರಿ."

ಗ್ಯಾನಪ್ಪ ಎದ್ದು ಬಂದ, ಆದರೆ ಬಂಡಿಯಿಂದ ದೂರ ನಿಂತ. "ಹೆಣದ ಮನ್ಯಾಗ ಕುಂತವ್ರು ಮೈ ತೊಳಕೊಳ್ಳೋತನ ನೀರಿನ ಗಡಿಗಿ ಮುಟ್ಟಂಗಿಲ್ಲ. ಮುಟ್ಟಿದ್ರ ಒಡೀಬೇಕಾಗ್ತದ. ಒಡದ್ರ ಏನ್ ಕುಡೀಲಿ?"

"ಸಾಬರ ಗಡಿಗಿ ನೀರು, ಹಿರೇರು," ಎಂದ ದ್ಯಾವಪ್ಪ ಮೆಲ್ಲಗೆ.

ಮುದುಕಮ್ಮ ಬಿಡಲಿಲ್ಲ. "ಕಾಲುವಿ ತೋಡೋವಾಗ ಎಲ್ಲಾರೂ ಒಂದ ಹಂಡೇದಾಗ ಚರಿಗಿ ಮುಳುಗಿಸಿ ಕುಡದ್ರಿ. ಆವಾಗ ಕುಲಾನ ಮನ್ಯಾಗ ಬಿಟ್ಟು ಹೋಗಿದ್ರೇನು?"

"ಗಡಿಗಿ ನಮ್ಮ ಕುಲದ್ದು. ಸಾಕು," ಎಂದ ಗ್ಯಾನಪ್ಪ. "ಕುಣಿ ಮುಚ್ಚಿ, ಮೈ ತೊಳಕೊಂಡು ಬಂದು ಕುಡೀತೀನಿ. ತಂಪಿದ್ರ ಅಂಬಪ್ಪನ ಕೈ ಕೆಟ್ಟಿರಲಿಲ್ಲ ಅಂತ ಕುಲದಾಗ ನಾನ ಹೇಳ್ತೀನಿ, ತಿಗರಿ ಇಲ್ಲೇ ಇರ್ಲಿ. ಇಲ್ಲಾಂದ್ರ ದ್ಯಾವಪ್ಪ ಒಯ್ಲಿ. ಏನಪ್ಪ?"

"ಒಪ್ಪಿಗಿ ಅದ," ಎಂದ ದ್ಯಾವಪ್ಪ. "ಆದ್ರ ಅಲ್ಲೀತನ ಗಡಿಗಿಗಿ ಯಾರೂ ಹೊಸಾ ನೀರು ಹಾಕಬಾರದು."

"ದಾರಿ ಮ್ಯಾಲ ಮಸ್ಕಿಯಾಗ ತುಂಬಿದ್ದು," ಎಂದ ಚಾಂದ್‌ಪಾಷಾ. "ಹಂಗ ಇರ್ಲಿ. ನಾನೂ ಮುಟ್ಟಂಗಿಲ್ಲ. ಬಿಸಿಲು ಬೀಳಂಗಿಲ್ಲ ಅಲ್ಲಿ, ನೋಡ್ರಿ ಬೇಕಾದ್ರ."

ಹೆಣ ಎತ್ತಿದರು. ಹೂಳುವ ಕುಲವಾದರೂ, ಪದ್ಧತಿಯಂತೆ ವೆಂಕೋಬ ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆದ. ಚಾಂದ್‌ಪಾಷಾನೂ ಸಿದಿಗೆಗೆ ಹೆಗಲು ಕೊಟ್ಟ. ಹೆಂಗಸರು ಬಾಗಿಲಲ್ಲೇ ಉಳಿದರು.

*

ಆ ಗಡಿಗೆಯ ಮಾತನ್ನು ಚಾಂದ್‌ಪಾಷಾ ಹೇಳಿದ್ದು ಅದೇ ಮೊದಲಲ್ಲ. ಸಂಕ್ರಾಂತಿಯ ಮುಂದೆ ಒಮ್ಮೆ, ಬೇವಿನ ಕೆಳಗೆ ಬಂಡಿ ಬಿಟ್ಟು, ಚಪ್ಪರಕ್ಕೆ ಬಂದು ಹೇಳಿದ್ದ.

"ಭಾಯಿ, ನಿನ್ನ ಗಡಿಗಿ ನೀರು ಕುಡದ್ರ ಎದಿ ತನಕ ತಂಪು ಇಳೀತದ. ಮಸ್ಕಿ ಕಟ್ಟಿ ಮ್ಯಾಲ ಕುಂತವ್ರು ಕೇಳಿ ಕೇಳಿ ಕುಡದ್ರು."

ಅಂಬಪ್ಪ ತಿರುಗುತ್ತಿದ್ದ ತಿಗರಿಯ ಮೇಲೆ ಹಸಿ ಕೈ ಇಟ್ಟು ನಿಲ್ಲಿಸಿದ. "ನೀನೂ ಸುಳ್ಳು ಹೇಳಾಕ ಹತ್ತಿದೇನು?"

"ಯಾಕ?"

"ನಗೋರು ಭಾಳ ಮಂದಿ ಅದಾರ. ಮರುಗೋರು ಇರಲಿಲ್ಲ, ಇವತ್ತು ನೀ ಬಂದಿ. ನಗೋರ್ನ ತಡಕೋತೀನಿ, ನಿನ್ನ ತಡಕೊಳ್ಳೋದು ಆಗಂಗಿಲ್ಲ. ಹೋಗು."

ಚಾಂದ್‌ಪಾಷಾ ಆಣೆ ಮಾಡಿದ. ಅಂಬಪ್ಪ ಎದ್ದು ಒಳಗೆ ಹೋಗಿ, ಅದೇ ಆವಿಗೆಯಲ್ಲಿ ಅದೇ ಮಣ್ಣಿನಿಂದ ಸುಟ್ಟ ಗಡಿಗೆಯಲ್ಲಿ ಮುಂಜಾನೆ ಇಟ್ಟಿದ್ದ ನೀರನ್ನು ತಂದು ಅವನ ಕೈಗೆ ಸುರಿದ. ಬೆಚ್ಚಗಿತ್ತು. ಚಾಂದ್‌ಪಾಷಾ ಆ ನೀರನ್ನು ನೋಡಿಕೊಂಡು ನಿಂತ.

ಕೊನೆಯ ಜ್ವರದಲ್ಲಿ ಅಂಬಪ್ಪ ತಂಪು ನೀರು ಕೇಳಿದ್ದ. ಆದೆಮ್ಮ ಮನೆಯ ಗಡಿಗೆಯಿಂದಲೇ ಕೊಟ್ಟಳು. ಬಾಯಿಗೆ ಹಾಕಿಕೊಂಡು, ನುಂಗದೆ, ಗೋಡೆಯ ಕಡೆ ಮುಖ ತಿರುಗಿಸಿದ. ನೀರು ಕಟವಾಯಿಯಿಂದ ಇಳಿದು ತಲೆದಿಂಬಿಗೆ ಹೋಯಿತು. ಅವಳು ಎದ್ದು ಮುದುಕಮ್ಮನ ಮನೆಗೆ ಹೋಗಿ ದ್ಯಾವಪ್ಪನ ಗಡಿಗೆಯ ನೀರು ತಂದಳು. ಅದೂ ಬೆಚ್ಚಗೇ ಇತ್ತು. ಅದನ್ನು ಅವನು ಕುಡಿದ. ಕುಡಿದು, "ಇದು ತಂಪದ," ಎಂದ.

*

ಮುದುಕಮ್ಮ ಮೈ ತೊಳೆದುಕೊಂಡು, ಮನೆ ಸಾರಿಸಿ, ಬಾಗಿಲಿಗೆ ಬಂದು ಕೂತಳು. ಸೂತಕದ ಆದೆಮ್ಮ ಒಳಗಿನ ಮೂಲೆ ಬಿಟ್ಟು ಏಳುವಂತಿರಲಿಲ್ಲ. ಮೂಲೆಯಿಂದ ಬಂಡಿ ಕಾಣುತ್ತಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಗದ್ದೆಗಳ ಕಡೆಯಿಂದ ಹಬೆಯಂಥದೊಂದು ಬಂದು ಮುಖಕ್ಕೆ ಹತ್ತಿಕೊಂಡು ಕೂರುತ್ತಿತ್ತು. ಗಡಿಗೆಯ ತಳದಿಂದ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಬೀಳುತ್ತಲೇ ಇತ್ತು.

"ಹನಿ ಬೀಳಾಕತ್ತ್ಯಾದ ಮುದುಕವ್ವ."

"ಬೀಳ್ಲಿ ಬಿಡು. ಬೆವರಾಕತ್ತ್ಯಾದ."

"ಮುಂಜಾನಿ ಬೀಳಾಕತ್ತಿರಲಿಲ್ಲ."

ಮುದುಕಮ್ಮ ಬಂಡಿಯ ಕಡೆ ಕತ್ತು ಚಾಚಿ ನೋಡಿದಳು.

"ನೀ ಮೈ ತೊಳಕೊಂಡೀದಿ. ಒಂದೀಟು ಕೈ ಹಚ್ಚಿ ಬಾ."

ಮುದುಕಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು. ಬಂಡಿಯ ಕೆಳಗೆ ಬಾಗಿ ಗಡಿಗೆಗೆ ಅಂಗೈ ಇಟ್ಟಳು. ಒಂದು ಕಡೆ ಇಟ್ಟಳು, ತೆಗೆದು ಇನ್ನೊಂದು ಕಡೆ ಇಟ್ಟಳು. ಬಂದು ಕೂತು ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಅದ. ತಂಪ ಅದ."

ಆದೆಮ್ಮ ಅವಳ ಮುಖ ನೋಡಿದಳು. ಗಂಡ ಕೊನೆಯ ದಿನ ಹೇಳಿದ "ತಂಪದ" ಇದೇ ದನಿಯಲ್ಲಿತ್ತು.

ಗಂಡಸರು ಕಾಲುವೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲಿ ಬಂದಾಗ ಹೊತ್ತು ವಾಲಿತ್ತು. ದ್ಯಾವಪ್ಪ ಕಟ್ಟೆಯ ಮೇಲೆ ಕುಸಿದು ಕೂತ.

"ಕುಣ್ಯಾಗ ನೀರು ಬಂತು ಅತ್ತಿಗಿ. ಸೊಂಟದ ಮಟ ತೋಡೋದ್ರಾಗ ಜಿನಗಾಕತ್ತು. ಬೋಗಾಣಿಲೇ ಮೊಗದು ಮೊಗದು ಚೆಲ್ಲಿದ್ವಿ, ನಿಲ್ಲಲಿಲ್ಲ. ನಮ್ಮಣ್ಣನ್ನ ಕೆಸರಿನ್ಯಾಗ ಇಟ್ಟು ಬಂದ್ವಿ."

"ಗದ್ದಿ ಬಾಜೂಕ ಸುಡುಗಾಡು ಇದ್ರ ಮತ್ತೇನ್ ಬರ್ತದ," ಎಂದ ಯಾರೋ. "ನಮ್ಮದೂ ಅಷ್ಟ."

ಗ್ಯಾನಪ್ಪ ಬೇವಿನ ಕಡೆ ತಿರುಗಿದ. "ಚಾಂದ್‌ಪಾಷಾ, ನೀರು ತಾ."

ಚಾಂದ್‌ಪಾಷಾ ನೆಲುವಿನಿಂದ ಗಡಿಗೆ ಬಿಚ್ಚಿದ. ಬಿಚ್ಚುವಾಗಲೇ ಅವನ ಮುಖ ಬದಲಾದದ್ದನ್ನು ಆದೆಮ್ಮ ಮೂಲೆಯಿಂದ ಕಂಡಳು. ಗ್ಯಾನಪ್ಪ ಬೊಗಸೆ ಒಡ್ಡಿದ. ಚಾಂದ್‌ಪಾಷಾ ಮೇಲಿಂದ ಸುರಿದ. ಹಿರಿಯ ಕುಡಿದು, ಮೀಸೆ ಒರೆಸಿಕೊಂಡು, ಮತ್ತೆ ಬೊಗಸೆ ಒಡ್ಡಿ ಇನ್ನೊಮ್ಮೆ ಕುಡಿದ. ಅನ್ಯಾಯ ಮಾಡಬಾರದು ಎಂದು ಮೂರನೆಯ ಸಲವೂ ಬಾಯಲ್ಲಿ ನೀರು ಹಿಡಿದು ನಿಂತ.

"ಎಲ್ಲಾರ ಮನಿ ನೀರಿದ್ದಂಗ ಅದ," ಎಂದ ಕೊನೆಗೆ.

ದ್ಯಾವಪ್ಪನೂ ಕುಡಿದ. ಗೆದ್ದ ಮುಖವಿರಲಿಲ್ಲ ಅವನದು. ತಲೆ ಬಗ್ಗಿಸಿ, "ಹ್ಞೂ," ಎಂದಷ್ಟೆ.

"ಅಲ್ಲಾನ ಆಣಿ, ಮುಂಜಾನಿ ಹಿಂಗಿರಲಿಲ್ಲ," ಎಂದ ಚಾಂದ್‌ಪಾಷಾ. "ರಾತ್ರೆಲ್ಲ ಬಂಡಿ ಹೊಡಕೊಂಡು ಬಂದೀನಿ, ದಾರಿ ತುಂಬ ಕುಡಕೊಂತ ಬಂದೀನಿ. ಈ ಗಡಿಗಿ ಹಿಂಗ ಮಾಡೋದಲ್ಲ."

"ದೋಸ್ತಿ ಸಲುವಾಗಿ ಅಂತೀದಿ. ತಪ್ಪಲ್ಲ," ಗ್ಯಾನಪ್ಪ ಅವನ ಭುಜ ಮುಟ್ಟಿದ. ಆಮೇಲೆ ಒಳಗಿನ ಮೂಲೆಗೆ ಕೇಳುವಂತೆ ದನಿ ಎತ್ತಿದ. "ಆದೆಮ್ಮ, ಲೋಟ ನಿನ್ನ ಕೈಗಿ ಹತ್ತಿತ್ತು. ನೀ ಹೇಳವ್ವ. ತಂಪಿತ್ತೇನು?"

ಆದೆಮ್ಮ ಬೆರಳುಗಳನ್ನು ನೋಡಿಕೊಂಡಳು. ರಾತ್ರಿಯೆಲ್ಲ ಗಂಡನ ಕೈ ಹಿಡಿದು ಕೂತಿದ್ದ ಬೆರಳು. ಆ ಕೈ ಆರುತ್ತ ಆರುತ್ತ ಹೋದದ್ದನ್ನು ಹಿಡಿದೇ ನೋಡಿದ ಬೆರಳು. ಅದಾದ ಮೇಲೆ ಈ ಬೆರಳಿಗೆ ಹತ್ತಿದ್ದು ಯಾವ ತಂಪು? ನೀರಿನದೇ? ಬೇಕು ಬೇಕು ಎಂದು ಬಯಸಿದ್ದಕ್ಕೆ ಹಾಗೆ ಅನ್ನಿಸಿತೇ? ಹೌದು ಅಂದರೆ ಸಾಕಿತ್ತು. ಗ್ಯಾನಪ್ಪ ಅಷ್ಟು ಹೊತ್ತು ಕಾದದ್ದು, ಒಂದು ಗಟ್ಟಿ ಹೌದು ಸಿಕ್ಕರೆ ಇನ್ನೊಂದು ದಿನ ನೋಡೋಣ ಅನ್ನಲಿಕ್ಕೇ ಇರಬೇಕು.

"ತಂಪ ಹತ್ತಿದಂಗ ಆಗಿತ್ತು," ಎಂದಳು.

ಅಂದ ಮೇಲೆ ಆ "ಹತ್ತಿದಂಗ" ಅವಳಿಗೇ ಕೇಳಿಸಿತು. ಬಾಯಿ ತೆರೆದಳು. ಅಷ್ಟರಲ್ಲಿ ಗ್ಯಾನಪ್ಪ ಟವೆಲು ಹೆಗಲಿಗೆ ಹಾಕಿಕೊಂಡಿದ್ದ.

ತಿಗರಿ ಒಯ್ಯಲು ಬೇರೆ ಬಂಡಿ ಇರಲಿಲ್ಲ. "ನಾ ಒಯ್ಯಂಗಿಲ್ಲ," ಎಂದು ಚಾಂದ್‌ಪಾಷಾ ಎತ್ತಿನ ಕೊರಳು ಹಿಡಿದು ನಿಂತ. ಆದೆಮ್ಮ ಮೂಲೆಯಿಂದಲೇ ಹೇಳಿದಳು:

"ನೀನ ಒಯ್ಯೋ. ಲಾರಿಯವ್ರು ಒಯ್ದ್ರ ಎತ್ತಿ ಒಗೀತಾರ. ಅಂಚು ಒಡೀತದ."

ಎತ್ತಿ ಬಂಡಿಗೆ ಹೇರಿದವನು ವೆಂಕೋಬ. ಅಡಿಗೆ ಹುಲ್ಲು ಹಾಸಿದ, ಹಗ್ಗ ಕಟ್ಟಿದ. ಕಟ್ಟಿ, ಚಿಕ್ಕಪ್ಪನನ್ನಾಗಲಿ ತಾಯಿಯನ್ನಾಗಲಿ ನೋಡದೆ ಕ್ಯಾಂಪಿನ ಕಡೆ ಹೊರಟುಹೋದ. ಮರುದಿನದ ಕೂಲಿಗೆ ಹೇಳಿಬರಬೇಕಿತ್ತು.

ಬಂಡಿ ಹೊರಟಿತು. ದ್ಯಾವಪ್ಪ ಹಿಂದೆ ನಡೆದ. ಅಚ್ಚಿನ ಕೆಳಗೆ ಗಡಿಗೆ ಮತ್ತೆ ತೂಗತೊಡಗಿತು. ಹಾದಿಯ ಧೂಳಿನ ಮೇಲೆ ಅದರ ಹನಿಗಳು ಸಾಲಾಗಿ ಬೀಳುತ್ತ ಹೋದವು. ಬೇವಿನ ಹತ್ತಿರ ಒತ್ತೊತ್ತಾಗಿ, ಮುಂದೆ ದೂರ ದೂರವಾಗಿ. ಸಂಜೆ ಮುದುಕಮ್ಮ ಸಗಣಿ ಆರಿಸಲು ಆ ಹಾದಿಯಲ್ಲಿ ಹೋದವಳು ಬಂದು ಹೇಳಿದಳು: ಕಾಲುವೆಯ ಸೇತುವೆ ದಾಟಿದ ಮೇಲೆ ಒಂದು ಹನಿಯೂ ಇರಲಿಲ್ಲ.

ಅಲ್ಲಿಂದಾಚೆ ಗಡಿಗೆ ಬೆವರುವುದನ್ನು ಬಿಟ್ಟಿತೋ, ಬೆವರಿದ್ದನ್ನು ಅಲ್ಲಿಯ ಒಣ ಗಾಳಿ ಒಯ್ದಿತೋ ಆದೆಮ್ಮನಿಗೆ ತಿಳಿಯಲಿಲ್ಲ. ಒಣ ಸೀಮೆಯ ಮಸ್ಕಿಯ ಹತ್ತಿರ ಆ ನೀರು ತಂಪಾಯಿತೇ ಎಂದು ಕೇಳೋಣವೆಂದರೆ ಚಾಂದ್‌ಪಾಷಾ ಮತ್ತೆ ಆ ಬೇವಿನ ಕೆಳಗೆ ಬಂಡಿ ಬಿಡಲಿಲ್ಲ. ಆಗಿದ್ದರೂ, ನಡೆಯುವ ಬಂಡಿಯಲ್ಲಿ ತಂಪಾಗುವ ಗಡಿಗೆ ನಿಂತ ಬಂಡಿಯಲ್ಲಿ ಏಕೆ ಆಗಲಿಲ್ಲ ಎಂದು ಆ ಅಂಗಳದಲ್ಲಿ ಹೇಳಬಲ್ಲವರು ಯಾರೂ ಇರಲಿಲ್ಲ. ಅಂಬಪ್ಪನ ಕೈ ಕೆಟ್ಟಿತ್ತೋ ಇಲ್ಲವೋ ಎಂಬುದು, ಇಷ್ಟು ಹೇಳಿದ ಮೇಲೂ, ಗೊತ್ತಿಲ್ಲ.